ಬೆಟ್ಟದ ದಾರಿಯೂ ಹಲ್ಲಿನ ಚಕ್ರವೂ

ಸೈಕಲ್ಲು ಸಮತಟ್ಟು ನೆಲದ ಕೂಸು. ಊರ ಬಯಲಿನಲ್ಲಿ, ಕೆರೆ ಏರಿಯ ಮೇಲೆ, ಕಾಲೇಜಿನ ದಾರಿಯಲ್ಲಿ ಅದು ರಾಜವಾಹನ. ಕಡಿದಾದ ಏರು ಬಂದಿತೋ, ಸವಾರನೇ ಇಳಿದು ಅದನ್ನು ತಳ್ಳಬೇಕು. ಆಗುಂಬೆಯ ತಿರುವಿನಲ್ಲೋ ಮಡಿಕೇರಿಯ ಬೀದಿಯಲ್ಲೋ ಒಂದೇ ಗೇರಿನ ಸೈಕಲ್ ತುಳಿಯಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಏರನ್ನು ಸೈಕಲ್ಲಿನ ಮೇಲೆ ಕುಳಿತೇ ಗೆಲ್ಲುವ ಉಪಾಯ ಫ್ರಾನ್ಸ್ ದೇಶದಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಸಿದ್ಧವಾಗಿತ್ತು. ಆದರೆ ಅದೇ ದೇಶದ ಅತ್ಯಂತ ಪ್ರಸಿದ್ಧ ಸ್ಪರ್ಧೆ ಆ ಉಪಾಯವನ್ನು ಬಹುಕಾಲ ಬಾಗಿಲ ಹೊರಗೇ ನಿಲ್ಲಿಸಿತು. ಅದು ಕೆಲಸ ಮಾಡುವುದಿಲ್ಲವೆಂದಲ್ಲ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೇ!

ಕಥೆಯ ಮೊದಲ ಪಾತ್ರಧಾರಿ ಪಾಲ್ ದ ವಿವಿ. 1853ರಲ್ಲಿ ಹುಟ್ಟಿದ ಈತ ಮೊದಲು ರೇಷ್ಮೆ ವ್ಯಾಪಾರಿ. ಸೈಕಲ್ಲಿನ ಹುಚ್ಚು ಹಿಡಿದ ಮೇಲೆ ರೇಷ್ಮೆಯನ್ನು ಬಿಟ್ಟು ಸಾಂತ್-ಎತಿಯೆನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ತೆರೆದ. 1887ರಲ್ಲಿ ಸೈಕಲ್ ಸವಾರರಿಗಾಗಿಯೇ ಒಂದು ಪತ್ರಿಕೆಯನ್ನೂ ಹೊರಡಿಸಿದ. ಅದರಲ್ಲಿ ಆತ ಬರೆಯುತ್ತಿದ್ದ ಹೆಸರು ವೆಲೋಸಿಯೋ. ಆ ಪಟ್ಟಣದ ಪಕ್ಕದಲ್ಲೇ 1161 ಮೀಟರ್ ಎತ್ತರದ ಒಂದು ಕಣಿವೆದಾರಿ ಇದೆ, ಕೋಲ್ ದ ಲಾ ರಿಪಬ್ಲಿಕ್ ಎಂದು ಅದರ ಹೆಸರು. ಅಲ್ಲಿ ವೆಲೋಸಿಯೋ ಬೆವರು ಸುರಿಸುತ್ತ ಹತ್ತುತ್ತಿದ್ದಾಗ, ಪೈಪ್ ಸೇದುತ್ತ ಬಂದ ತರುಣನೊಬ್ಬ ಆರಾಮವಾಗಿ ಅವನನ್ನು ದಾಟಿ ಹೋದನಂತೆ. ತರುಣನ ಸೈಕಲ್ಲಿನ ಗೇರು ಚಿಕ್ಕದಿತ್ತು. ಆದರೆ ಚಿಕ್ಕ ಗೇರಿನವನು ಸಪಾಟು ರಸ್ತೆಯಲ್ಲಿ ಹಿಂದೆ ಬೀಳುತ್ತಾನೆ. ಹಾಗಾದರೆ ಒಂದೇ ಸೈಕಲ್ಲಿನಲ್ಲಿ ಎರಡೂ ಏಕಿರಬಾರದು? ಈ ಪ್ರಶ್ನೆ ವೆಲೋಸಿಯೋನನ್ನು ಜೀವಮಾನವಿಡೀ ಬಿಡಲಿಲ್ಲ. ಎರಡು ಸರಪಳಿ, ಎರಡು ಹಲ್ಲಿನ ಚಕ್ರ, ಆಮೇಲೆ ಸರಪಳಿಯನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್, ಹೀಗೆ ಬಂದ ಹೊಸ ಏರ್ಪಾಟುಗಳನ್ನೆಲ್ಲ ಬೆಟ್ಟಕ್ಕೆ ಒಯ್ದು ಪರೀಕ್ಷಿಸಿದ. ಗೆದ್ದದ್ದನ್ನೂ ಸೋತದ್ದನ್ನೂ ತನ್ನ ಪತ್ರಿಕೆಯಲ್ಲಿ ಬರೆದ.

1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬು ಬೆಟ್ಟದ ಹಾದಿಯಲ್ಲಿ ಒಂದು ಪಂದ್ಯ ಏರ್ಪಡಿಸಿತು. ಒಂದೇ ಗೇರಿನ ಸೈಕಲ್ಲಿನಲ್ಲಿ ಎದುವಾರ್ ಫಿಶರ್ ಎಂಬ ಹೆಸರುವಾಸಿ ಓಟಗಾರ. ಮೂರು ಗೇರಿನ ಸೈಕಲ್ಲಿನಲ್ಲಿ ಮಾರ್ತ್ ಎಸ್ ಎಂಬ ಮಹಿಳೆ. ಗೆದ್ದವಳು ಮಾರ್ತ್. ದಾರಿಯುದ್ದಕ್ಕೂ ಆಕೆ ಒಮ್ಮೆಯೂ ಕಾಲು ನೆಲಕ್ಕೆ ಊರಲಿಲ್ಲವೆಂದು ಆಗಿನ ವರದಿಗಳು ಬೆರಗಿನಿಂದ ಬರೆದವು. ವಾದ ಅಲ್ಲಿಗೇ ಮುಗಿಯಬೇಕಿತ್ತು, ಅಲ್ಲವೇ?

ಮುಗಿಯಲಿಲ್ಲ. ಕಥೆಯ ಎರಡನೆಯ ಪಾತ್ರಧಾರಿ ಆನ್ರಿ ದೆಗ್ರಾಂಜ್ ಆಗ ಪತ್ರಿಕೆಯೊಂದರ ಸಂಪಾದಕ. ಮರುವರ್ಷ, 1903ರಲ್ಲಿ, ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಆರಂಭಿಸಿದವನು ಈತನೇ. ಸ್ವತಃ ಒಳ್ಳೆಯ ಸವಾರ. 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿಲೋಮೀಟರ್ ತುಳಿದು ದಾಖಲೆ ಮಾಡಿದವನು. ಆ ದಾಖಲೆ ಆದದ್ದು ಪ್ಯಾರಿಸ್ಸಿನ ಸಪಾಟು ಓಟದಂಗಳದಲ್ಲಿ ಎಂಬುದನ್ನೂ ಗಮನಿಸಿ! ಮಾರ್ತ್ ಗೆದ್ದ ಪಂದ್ಯದ ಬಳಿಕ ಆತ ತಳೆದ ನಿಲುವು ಇದು: ಬದಲಾಗುವ ಗೇರು ನಲವತ್ತೈದು ದಾಟಿದವರಿಗೆ ಸರಿ, ತರುಣರು ಯಂತ್ರದ ಚಾತುರ್ಯದಿಂದಲ್ಲ, ಸ್ವಂತ ತೊಡೆಯ ಬಲದಿಂದ ಗೆಲ್ಲಬೇಕು. (ಈ ಸಾಲುಗಳನ್ನು ಬರೆಯುತ್ತಿರುವವನು ಆ ವಯಸ್ಸಿನ ಗಡಿಗೆ ಹತ್ತಿರ ಬಂದಿದ್ದಾನೆ. ಆದ್ದರಿಂದ ಮುಂದಿನ ನನ್ನ ತೀರ್ಪನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಬಹುದು.)

ದೆಗ್ರಾಂಜ್ ಹೇಳಿದ್ದು ಸರಿಯೇ? ನಿಮ್ಮ ಭೌತಶಾಸ್ತ್ರದ ಪುಸ್ತಕವನ್ನೇ ಕೇಳೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋಗ್ರಾಂ ಎನ್ನಿ. 1000 ಮೀಟರ್ ಎತ್ತರಕ್ಕೆ ಏರಲು ಗುರುತ್ವಾಕರ್ಷಣೆಯ ವಿರುದ್ಧ ಮಾಡಬೇಕಾದ ಕೆಲಸ 80 × 9.8 × 1000, ಅಂದರೆ 7,84,000 ಜೂಲ್. ಗೇರು ಒಂದಿರಲಿ, ಹತ್ತಿರಲಿ, ಈ ಲೆಕ್ಕದಲ್ಲಿ ಒಂದು ಜೂಲ್ ಕೂಡ ಕಡಿಮೆಯಾಗುವುದಿಲ್ಲ. ಬದಲಾಗುವುದು ಬೇರೆ. ಮುಂದಿನ ಹಲ್ಲಿನ ಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 22 ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಗಾಲಿ ಎರಡು ಸುತ್ತು ಉರುಳಿ ಸುಮಾರು 4.2 ಮೀಟರ್ ಸಾಗುತ್ತದೆ. ನೂರಕ್ಕೆ ಎಂಟರ ಏರಿನಲ್ಲಿ ಇದು 34 ಸೆಂಟಿಮೀಟರ್ ಎತ್ತರ. ಅದಕ್ಕೆ ಪೆಡಲಿನ ಮೇಲೆ ಸರಾಸರಿ 25 ಕಿಲೋ ತೂಕದಷ್ಟು ಒತ್ತಡ ಬೇಕು. ಮುಂದೆ ಹಿಂದೆ ಸಮಸಮ ಹಲ್ಲುಗಳಿದ್ದರೆ ಒಂದು ಸುತ್ತಿಗೆ ಏರುವುದು ಬರೀ 17 ಸೆಂಟಿಮೀಟರ್. ಒತ್ತಡವೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಮೊದಲನೆಯವನು ಸುಮಾರು 3000 ಸುತ್ತು ತುಳಿದು ಮುಗಿಸುವ ಬೆಟ್ಟಕ್ಕೆ ಎರಡನೆಯವನು 6000 ಸುತ್ತು ತುಳಿಯಲೇಬೇಕು. ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ. ಗೇರು ಸಾಲ ಮನ್ನಾ ಮಾಡುವುದಿಲ್ಲ, ಕಂತು ಸಣ್ಣದು ಮಾಡುತ್ತದೆ, ಅಷ್ಟೇ. ಮೋಸ ಎಲ್ಲಿದೆ?

ಆದರೆ ದೆಗ್ರಾಂಜ್‌ಗೆ ಬೇಕಾಗಿದ್ದದ್ದು ಭೌತಶಾಸ್ತ್ರವಲ್ಲ, ನಾಟಕ. ಪತ್ರಿಕೆ ಮಾರಾಟವಾಗಬೇಕು, ಓದುಗ ಉಸಿರು ಬಿಗಿಹಿಡಿಯಬೇಕು. ದೂರದರ್ಶನದ ಕಾರ್ಯಕ್ರಮ ಮಾಡುವ ನನಗೆ ಈ ತುಡಿತ ಅಪರಿಚಿತವಲ್ಲ. ಅಂದಹಾಗೆ, ನಮ್ಮ ಕ್ಯಾಮರಾ ಬೆಟ್ಟದ ವಿಷಯದಲ್ಲಿ ದೊಡ್ಡ ಸುಳ್ಳುಗಾರ. ಪರದೆಯ ಮೇಲೆ ಕಡಿದಾದ ರಸ್ತೆಯೂ ಎಷ್ಟೋ ಸಲ ಚಪ್ಪಟೆಯಾಗಿ ಕಾಣುತ್ತದೆ. ಏರಿನ ನಿಜ ತಿಳಿಯುವುದು ಸವಾರನ ಮುಖದಿಂದ ಮಾತ್ರ. ದೆಗ್ರಾಂಜ್‌ಗೆ ಬೇಕಾದದ್ದು ಆ ಮುಖ.

1910ರಲ್ಲಿ ಆತ ಸ್ಪರ್ಧೆಯನ್ನು ಪಿರನೀಸ್ ಪರ್ವತಗಳ ಮೇಲೆ ಹಾಯಿಸಲು ಒಪ್ಪಿದ. ಸಲಹೆ ಅವನ ಸಹಾಯಕ ಅಲ್ಫಾನ್ಸ್ ಸ್ತೈನೆಸ್‌ನದು. ದಾರಿ ನೋಡಲು ಹೋದ ಸ್ತೈನೆಸ್ ತೂರ್ಮಲೆ ಎಂಬ ಕಣಿವೆದಾರಿಯ ಹಿಮದಲ್ಲಿ ರಾತ್ರಿ ಸಿಕ್ಕಿಹಾಕಿಕೊಂಡು ಹೇಗೋ ಜೀವ ಉಳಿಸಿಕೊಂಡ. ಆದರೂ ರಸ್ತೆ ಬಹಳ ಚೆನ್ನಾಗಿದೆ ಎಂದೇ ತಂತಿ ಕಳಿಸಿದನಂತೆ! ತೂರ್ಮಲೆಯ ಎತ್ತರ 2115 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಹೆಚ್ಚು. ಜುಲೈ 21ರಂದು ನಸುಕಿನಲ್ಲೇ ಲೂಶೋನ್ ಎಂಬಲ್ಲಿಂದ ಹೊರಟ ಸವಾರರು 326 ಕಿಲೋಮೀಟರ್ ದೂರದ ಬಯೋನ್ ತಲುಪಬೇಕಿತ್ತು. ನಡುವೆ ಪೆರೆಸೂರ್ದ್, ಆಸ್ಪೆನ್, ತೂರ್ಮಲೆ, ಓಬಿಸ್ಕ್, ಒಂದರ ಹಿಂದೆ ಒಂದು. ರಸ್ತೆ ಎಂದರೆ ಕಲ್ಲು, ಮಣ್ಣು, ಕೆಸರು. ಸೈಕಲ್ಲು ಭಾರ, ಏರುತ್ತಿರುವಾಗ ಗೇರು ಬದಲಾಯಿಸುವ ಮಾತೇ ಇಲ್ಲ. ತೂರ್ಮಲೆಯನ್ನು ಇಳಿಯದೆ, ತುಳಿದುಕೊಂಡೇ ಹತ್ತಿದವನು ಗುಸ್ತಾವ್ ಗಾರಿಗು. ಉಳಿದ ಮಹಾಬಲರು ಅಲ್ಲಲ್ಲಿ ಇಳಿದು ಸೈಕಲ್ ತಳ್ಳಿದರು. ಎಂಟು ವರ್ಷದ ಹಿಂದೆ ಮಾರ್ತ್ ಕಾಲೂರದೆ ಗೆದ್ದದ್ದನ್ನು ಇಲ್ಲಿ ನೆನೆಯದೆ ಇರುವುದು ಹೇಗೆ? ಹಗಲೆಲ್ಲ ತುಳಿದು ಅಂದಿನ ಹಂತವನ್ನೂ, ಆಮೇಲೆ ಆ ವರ್ಷದ ಟೂರನ್ನೂ ಗೆದ್ದ ಒಕ್ತಾವ್ ಲಪೀಜ್, ದಾರಿಯಲ್ಲಿ ಕಂಡ ವ್ಯವಸ್ಥಾಪಕರನ್ನು ಕೊಲೆಗಡುಕರೆಂದು ಕೂಗಿ ಬೈದ. ಪತ್ರಿಕೆಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಲಪೀಜ್ 1917ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ಯುದ್ಧವಿಮಾನದ ಚಾಲಕನಾಗಿ ಮಡಿದ.

ಕಷ್ಟ ಪರ್ವತಗಳಿಗಷ್ಟೇ ಮೀಸಲಾಗಿರಲಿಲ್ಲ. ಇಟಲಿಯಲ್ಲಿ 1907ರಲ್ಲಿ ಆರಂಭವಾದ ಮಿಲಾನ್–ಸಾನ್ ರೆಮೋ ಓಟ ಬಯಲಿನಿಂದ ಹೊರಟು, ತುರ್ಕಿನೋ ಎಂಬ ಕೇವಲ 532 ಮೀಟರಿನ ಕಣಿವೆದಾರಿಯನ್ನು ದಾಟಿ, ಲಿಗೂರಿಯಾದ ಕಡಲಂಚಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ನೀರಿಗೆ ಚಾಚಿದ ಒಂದೊಂದು ಭೂಶಿರವನ್ನೂ ರಸ್ತೆ ಹತ್ತಿ ಇಳಿಯಬೇಕು. ಕಾರವಾರದ ಕಡೆಯ ಕಡಲತೀರ ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. 1910ರ ಏಪ್ರಿಲ್ 3ರಂದು ತುರ್ಕಿನೋದಲ್ಲಿ ಹಿಮ ಸುರಿಯಿತು. ಮರಗಟ್ಟಿದ ಯೂಜೀನ್ ಕ್ರಿಸ್ತೋಫ್ ಎಂಬ ಫ್ರೆಂಚ್ ಸವಾರ ಒಂದು ಛತ್ರಕ್ಕೆ ಹೊಕ್ಕು ಮೈ ಕಾಯಿಸಿಕೊಂಡು, ಮತ್ತೆ ಹೊರಟು, ಗೆದ್ದ. ಅರವತ್ತಕ್ಕೂ ಹೆಚ್ಚು ಮಂದಿ ಹೊರಟಿದ್ದರಲ್ಲಿ ಗುರಿ ಮುಟ್ಟಿದವರು ಬೆರಳೆಣಿಕೆಯಷ್ಟು. ಕ್ರಿಸ್ತೋಫ್ ಆಮೇಲೆ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದ.

ಇದೇ ಕ್ರಿಸ್ತೋಫ್ 1913ರ ಟೂರ್‌ನಲ್ಲಿ ತೂರ್ಮಲೆಯಿಂದ ಇಳಿಯುತ್ತಿದ್ದಾಗ ಸೈಕಲ್ಲಿನ ಮುಂಗವಲು ಮುರಿಯಿತು. ಗೆಲ್ಲುವ ಸಾಧ್ಯತೆ ಕೈಯಳತೆಯಲ್ಲಿತ್ತು. ನಿಯಮದ ಪ್ರಕಾರ ಯಾರ ಸಹಾಯವನ್ನೂ ಪಡೆಯುವಂತಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸಾಂತ್-ಮಾರಿ-ದ-ಕಾಂಪಾನ್ ಎಂಬ ಹಳ್ಳಿಯ ಕಮ್ಮಾರಸಾಲೆ ಸೇರಿದ. ಮೊದಲು ಬೀಗದ ಕೆಲಸ ಮಾಡಿದವನಾದ್ದರಿಂದ ಕಬ್ಬಿಣದ ಪರಿಚಯವಿತ್ತು. ಗಂಟೆಗಟ್ಟಲೆ ತಾನೇ ಕಾಸಿ, ಬಡಿದು, ಬೆಸೆದ. ಅಧಿಕಾರಿಗಳು ಪಕ್ಕದಲ್ಲೇ ನಿಂತು ಕಾವಲು ಕಾದರು. ಎರಡೂ ಕೈಗೆ ಕೆಲಸವಿದ್ದುದರಿಂದ ತಿದಿ ಒತ್ತಿದವನು ಅಲ್ಲಿದ್ದ ಒಬ್ಬ ಹುಡುಗ. ಅದಕ್ಕಾಗಿ ಕ್ರಿಸ್ತೋಫ್‌ಗೆ ಕಾಲದಂಡ ಬಿತ್ತು! ತಿದಿಯ ಗಾಳಿಯನ್ನೂ ತೂಗಿ ನೋಡಿದ ಈ ನಿಯಮಕ್ಕೂ ಗೇರಿನ ಮೇಲಿನ ಸಿಟ್ಟಿಗೂ ಬೇರು ಒಂದೇ. ಮನುಷ್ಯ ಒಂಟಿಯಾಗಿ, ಬರಿಗೈಯಲ್ಲಿ, ಬೆಟ್ಟದ ಎದುರು ನಿಲ್ಲಬೇಕು ಎಂಬ ಹಟ. ಅದರಲ್ಲಿ ಒಂದು ಗಾಂಭೀರ್ಯವಿದೆ, ಇಲ್ಲವೆನ್ನಲಾರೆ. ಆದರೆ ಸೈಕಲ್ಲೇ ಒಂದು ಯಂತ್ರವಲ್ಲವೇ? ಸರಪಳಿ, ರಬ್ಬರ್ ಟಯರು, ಬೇರಿಂಗಿನ ಗುಂಡುಗಳನ್ನೆಲ್ಲ ಒಪ್ಪಿಕೊಂಡು, ಇನ್ನೊಂದು ಹಲ್ಲಿನ ಚಕ್ರವನ್ನು ಮಾತ್ರ ಅಧರ್ಮವೆನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗೇರೇ ಇರಲಿಲ್ಲವೆಂದೂ ಅಲ್ಲ. ಹಿಂದಿನ ಗಾಲಿಯ ಎರಡು ಪಕ್ಕಕ್ಕೂ ಒಂದೊಂದು ಹಲ್ಲಿನ ಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಇಳಿದು, ನಟ್ಟು ಸಡಿಲಿಸಿ, ಗಾಲಿ ಕಳಚಿ, ತಿರುಗಿಸಿ ಜೋಡಿಸಬೇಕು. ತುದಿ ತಲುಪಿದ ಮೇಲೆ ಮತ್ತೆ ಅದೇ ಪಾಡು. 1927ರಲ್ಲಿ ಇಟಲಿಯ ಕ್ರೋಚೆ ದೌನೆ ಎಂಬ ಕಣಿವೆದಾರಿಯಲ್ಲಿ ಚಳಿಗೆ ಬೆರಳು ಸೆಟೆದು ನಟ್ಟು ಬಿಚ್ಚಲಾರದೆ ಸೋತ ತುಲಿಯೋ ಕಾಂಪಾಞೋಲೊ, ಒಂದೇ ಸನ್ನೆಯನ್ನು ತಿರುವಿ ಗಾಲಿ ಕಳಚುವ ಸಾಧನವನ್ನು ಕಂಡುಹಿಡಿದನೆಂದು ಸೈಕಲ್ ಪ್ರಿಯರು ಹೇಳುವ ಕಥೆ. 1933ರಲ್ಲಿ ಆತ ಕಟ್ಟಿದ ಕಂಪನಿ ಆಮೇಲೆ ಡಿರೇಲರುಗಳಿಗೇ ಪ್ರಸಿದ್ಧವಾಯಿತು.

ಅನಾರೋಗ್ಯದಿಂದ ದೆಗ್ರಾಂಜ್ 1936ರಲ್ಲಿ ಹಿಂದೆ ಸರಿದ. ಹೊಣೆ ಜಾಕ್ ಗೊದೆಯ ಕೈಗೆ ಬಂತು. ಮರುವರ್ಷವೇ, 1937ರಲ್ಲಿ, ಟೂರ್‌ನ ವೃತ್ತಿಪರ ಸವಾರರಿಗೆ ಡಿರೇಲರ್ ಬಳಸಲು ಅನುಮತಿ ದೊರೆಯಿತು. ಆ ವರ್ಷ ಗೆದ್ದ ರೋಜೆ ಲಾಪೆಬಿ ಅದನ್ನು ಬಳಸಿ ಟೂರ್ ಗೆದ್ದ ಮೊದಲಿಗ. ಅದನ್ನು ನೋಡಲು ವೆಲೋಸಿಯೋ ಉಳಿದಿರಲಿಲ್ಲ. ಎಪ್ಪತ್ತಾರನೆಯ ವಯಸ್ಸಿನಲ್ಲೂ ಸೈಕಲ್ಲು ಬಿಡದಿದ್ದ ಆತ 1930ರಲ್ಲಿ ಸಾಂತ್-ಎತಿಯೆನ್ನಿನ ಬೀದಿಯಲ್ಲಿ ಟ್ರಾಮ್ ಬಡಿದು ತೀರಿಕೊಂಡ. ದೆಗ್ರಾಂಜ್ ತೀರಿಕೊಂಡದ್ದು 1940ರಲ್ಲಿ. ಆಲ್ಪ್ಸ್‌ನ ಗಾಲಿಬಿಯೆ ಕಣಿವೆದಾರಿಯಲ್ಲಿ ದೆಗ್ರಾಂಜ್‌ನ ಸ್ಮಾರಕವಿದೆ. ಕೋಲ್ ದ ಲಾ ರಿಪಬ್ಲಿಕ್‌ನ ನೆತ್ತಿಯಲ್ಲಿ ವೆಲೋಸಿಯೋನ ಸ್ಮಾರಕಶಿಲೆ. ಈಗಿನ ಟೂರ್ ಸವಾರರು ಗಾಲಿಬಿಯೆ ಹತ್ತುವಾಗ ಹಿಂದಿನ ಗಾಲಿಯಲ್ಲಿ ಹನ್ನೆರಡು ಹಲ್ಲಿನ ಚಕ್ರಗಳಿರುತ್ತವೆ, ಗೇರು ಬದಲಾಗುವುದು ಬೆರಳ ತುದಿಯ ಗುಂಡಿಯಿಂದ, ಬ್ಯಾಟರಿಯ ಬಲದಿಂದ.