ಮಹಾವೀರಾಚಾರ್ಯರ ಸಂಖ್ಯಾಹಾರಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶ್ರಾವಕರಿಗೆ ಮಳಖೇಡವು ನೇಮಿನಾಥ ಬಸದಿಯ ಕ್ಷೇತ್ರವೆಂದು ಪರಿಚಿತ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ತೀರದಲ್ಲಿರುವ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು.

ಬಡ್ಡಿ, ಪಾಲು ಹಂಚಿಕೆ, ಬಂಗಾರದ ಮಿಶ್ರಣ ಮುಂತಾಗಿ ವ್ಯಾಪಾರಿಗೆ ಬೇಕಾದುದೆಲ್ಲ ಈ ಗ್ರಂಥದಲ್ಲಿದೆ. ಆದರೆ ಗುಣಾಕಾರದ ಭಾಗದಲ್ಲಿ ಲಾಭನಷ್ಟಕ್ಕೆ ಸಂಬಂಧಿಸದ ಕೆಲವು ಲೆಕ್ಕಗಳಿವೆ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಫಲಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ.

ಈ ಹಾರದ ದಾರ ಯಾವುದು? 10, 100, 1000 ಎಂದು ಹತ್ತರ ಘಾತಗಳನ್ನು 73ರಿಂದ ಭಾಗಿಸುತ್ತ ಹೋದರೆ ಉಳಿಯುವ ಶೇಷಗಳು ಕ್ರಮವಾಗಿ 10, 27, 51, 72, 63, 46, 22, 1. ಎಂಟನೆಯ ಹೆಜ್ಜೆಯಲ್ಲಿ ಮೊದಲ ಬಾರಿಗೆ 1 ಬರುತ್ತದೆ. ಆದುದರಿಂದ ಎಂಟು ಒಂಬತ್ತುಗಳ ಸಂಖ್ಯೆ 73ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 9ಕ್ಕೂ 73ಕ್ಕೂ ಸಾಮಾನ್ಯ ಭಾಜಕವಿಲ್ಲದ ಕಾರಣ ಎಂಟು ಒಂದುಗಳ ಸಂಖ್ಯೆಯೂ ಭಾಗವಾಗುತ್ತದೆ. ಈ ಎಂಟನ್ನು ಇಂದಿನ ಗಣಿತಜ್ಞರು 73ಕ್ಕೆ ಸಂಬಂಧಿಸಿದಂತೆ 10ರ ‘ಆರ್ಡರ್’ ಎನ್ನುತ್ತಾರೆ. 3, 7, 11, 13, 17, 19 ಎಂಬ ಅವಿಭಾಜ್ಯಗಳಿಗೆ ಇದೇ ಬಗೆಯಲ್ಲಿ 1, 6, 2, 6, 16, 18 ಎಂಬ ಶ್ರೇಣಿ ದೊರೆಯುತ್ತದೆ. 7ರ ವಿಷಯದಲ್ಲಿ ಮೂರನೆಯ ಹೆಜ್ಜೆಗೆ ಶೇಷ 6, ಎಂದರೆ ಭಾಗಾಕಾರಕ್ಕೆ ಒಂದು ಕಡಿಮೆ. ಒಂಬತ್ತನೆಯ ಹೆಜ್ಜೆಗೂ ಹಾಗೆಯೇ. ಅದಕ್ಕೆ ಒಂದನ್ನು ಕೂಡಿಸಿದ 1000000001 ಆದುದರಿಂದಲೇ 7ರಿಂದ ಭಾಗವಾಗುತ್ತದೆ.

ಹಾಗೆಂದು ಈ ಸಿದ್ಧಾಂತವೆಲ್ಲ ಆಚಾರ್ಯರಿಗೆ ತಿಳಿದಿತ್ತೆಂದು ಸಾರುವುದು ಸತ್ಯವ್ರತಕ್ಕೆ ಒಪ್ಪುವುದಿಲ್ಲ. ಅವರು ಕೊಟ್ಟದ್ದು ಉದಾಹರಣೆಗಳನ್ನು. ಶೇಷಗಳ ಶಾಸ್ತ್ರವನ್ನು ಕ್ರಮಬದ್ಧವಾಗಿ ನಿರೂಪಿಸಿದವನು 1801ರಲ್ಲಿ ಜರ್ಮನಿಯ ಗೌಸ್. ಇಲ್ಲದ ಕೀರ್ತಿಯನ್ನು ಹೊರಿಸುವುದು ಅಸತ್ಯ. ಇರುವ ಕೀರ್ತಿಯನ್ನು ಮರೆಯುವುದು ಕೃತಘ್ನತೆ. ಶ್ರಾವಕನ ಲೆಕ್ಕದ ಪುಸ್ತಕದಲ್ಲಿ ಜಮೆಯೂ ಖರ್ಚೂ ಸರಿಯಾಗಿರಬೇಕು.

ಈ ಗ್ರಂಥವು 1912ರಲ್ಲಿ ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಅದಕ್ಕೆ ಒದಗಿದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನ ಮಠದ ಕನ್ನಡ ಲಿಪಿಯ ತಾಳೆಗರಿಯೂ ಒಂದು. ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಈ ಅಂಕಗಳು ಉಳಿದು ಬಂದದ್ದು ಓಲೆಯನ್ನು ನಕಲು ಮಾಡಿದ, ಮಾಡಿಸಿದ ಕೈಗಳಿಂದ. ಗೋಪುರಕ್ಕೆ ಬಣ್ಣ ಹಚ್ಚಿಸುವ ಬಸದಿಯ ಆಡಳಿತ ಮಂಡಲಿಗಳು ಭಂಡಾರದ ಕಟ್ಟುಗಳನ್ನೂ ಒಮ್ಮೆ ಬಿಚ್ಚಿ, ಧೂಳು ಕೊಡವಿ, ಪಟ್ಟಿ ಮಾಡಿಸಲಿ. ಶಾಸ್ತ್ರದಾನವೆಂದರೆ ಅದೂ ಹೌದು.