ಐದು ತಾಲ್ಲೂಕುಗಳ ಪೆಟ್ರೋಲ್ ವಿದ್ಯೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಉಚ್ಚಂಗಿಯ ದುರ್ಗವನ್ನೂ ಉಜ್ಜಿನಿಯ ಪೀಠವನ್ನೂ ಮೈಲಾರದ ಕಾರಣಿಕವನ್ನೂ ಕೊಟ್ಟೂರೇಶ್ವರನ ರಥವನ್ನೂ ವರ್ಣಿಸಿ ವಿರಮಿಸುತ್ತಾರೆ. ಅದು ಯುಕ್ತವೇ ಸರಿ. ಆದರೆ ಈ ಊರುಗಳ ರಸ್ತೆಯಂಚಿನಲ್ಲಿ, ಎಣ್ಣೆ ಕುಡಿದು ಕರ್ರಗಾದ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು, ನಿಂತುಹೋದ ಮೋಟಾರ್ ಸೈಕಲ್ಲಿನಲ್ಲಿ ಪೆಟ್ರೋಲು ಎಲ್ಲಿ ತಡೆದಿದೆಯೆಂಬುದನ್ನು ಕಂಡುಹಿಡಿದು ಬಿಡಿಸುತ್ತಿದ್ದ ಮೆಕ್ಯಾನಿಕ್ಕರ ವಿದ್ಯೆಗೂ ಆ ಇತಿಹಾಸದಲ್ಲಿ ಸ್ಥಾನವಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸೀಮೆಗೆ ರೈಲು ಬಂದದ್ದು ಮುಂಚೆಯೇ, ಆದರೆ ಅರ್ಧಕ್ಕೆ. ಹೊಸಪೇಟೆಯಿಂದ ಹೊರಟು ಹಗರಿಬೊಮ್ಮನಹಳ್ಳಿಯನ್ನು ಹಾದು 1905ರಲ್ಲಿ ಕೊಟ್ಟೂರನ್ನು ಮುಟ್ಟಿದ ಹಳಿ, ಹರಪನಹಳ್ಳಿಯ ಮೇಲೆ ಸಾಗಿ ಹರಿಹರವನ್ನು ಕೂಡಿಕೊಳ್ಳುವುದಕ್ಕೆ ನೂರು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. ಕೂಡ್ಲಿಗಿ, ಹಡಗಲಿಗಳಿಗೆ ಇಂದಿಗೂ ರೈಲಿಲ್ಲ. ಮದರಾಸು ರಾಜ್ಯದಲ್ಲಿದ್ದ ಈ ನಾಡು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ತರುವಾಯ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಗಳು ಬದಲಾದರೂ ಊರಿಗೂ ಊರಿಗೂ ನಡುವಣ ಜೋಳದ ಹೊಲ, ಶೇಂಗಾದ ಹೊಲ, ಕೆಂಧೂಳಿನ ದಾರಿ ಬದಲಾಗಲಿಲ್ಲ. ಇಂತಹ ದಾರಿಗಳಲ್ಲಿ ಬಸ್ಸಿಗೆ ಕಾಯಲಾರದ ಶಾಲಾಮಾಸ್ತರರಿಗೂ ದಲಾಲಿಗಳಿಗೂ ಹಿಡುವಳಿದಾರರಿಗೂ ಮೋಟಾರ್ ಸೈಕಲ್ಲು ಒದಗಿಬಂದಿತು.

ಆ ವಾಹನಗಳಲ್ಲಿ ನಮ್ಮ ರಾಜ್ಯದ್ದೇ ಆದ ಒಂದು ಉಂಟು. ಫ್ರಾಂಟಿಷೆಕ್ ಯಾನೆಚೆಕ್ ಎಂಬವನು 1929ರಲ್ಲಿ ಪ್ರಾಗ್ ನಗರದಲ್ಲಿ ಸ್ಥಾಪಿಸಿದ ಜಾವಾ ಸಂಸ್ಥೆಯ ಸಹಯೋಗದಿಂದ ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ತೆರೆದರು. ಅದನ್ನು ಉದ್ಘಾಟಿಸಿದವರು ಶ್ರೀ ಜಯಚಾಮರಾಜ ಒಡೆಯರು. 1961ರಿಂದ ಅಲ್ಲಿ ಹೊರಬಂದ ಜಾವಾ 1970ರ ದಶಕದಲ್ಲಿ ಯೆಜ್ಡಿಯೆಂಬ ಹೆಸರನ್ನು ತಳೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ನಾಡಿನಲ್ಲೆಲ್ಲ ಸಂಚರಿಸಿತು. ಬುಲೆಟ್ಟೂ ರಾಜದೂತವೂ ಇದ್ದವು. ನನ್ನ ಮಾತು ಮುಖ್ಯವಾಗಿ ಯೆಜ್ಡಿಯದು.

ಇದರಲ್ಲಿ ಪೆಟ್ರೋಲನ್ನು ತಳ್ಳುವ ಪಂಪಿಲ್ಲ. ಟ್ಯಾಂಕು ಮೇಲೆ, ಕಾರ್ಬೊರೇಟರ್ ಕೆಳಗೆ, ನಡುವೆ ಒಂದು ಕಾಕ್ ಮತ್ತು ಗೇಣುದ್ದದ ಪೈಪು. ಇಂಧನವು ತನ್ನ ಭಾರದಿಂದ ತಾನೇ ಇಳಿಯಬೇಕು. ಮಾರ್ಗವು ಇಷ್ಟು ಸರಳವಾಗಿರುವುದರಿಂದಲೇ ಅದರಲ್ಲಿಯ ಪ್ರತಿಯೊಂದು ತಡೆಯನ್ನೂ ಕಣ್ಣಿನಿಂದ ಕಂಡು ಕೈಯಿಂದ ಬಿಡಿಸಬಹುದಾಗಿತ್ತು. ಆದರೆ ಎರಡು ಸ್ಟ್ರೋಕಿನ ಈ ಇಂಜಿನ್ನಿಗೆ ಎಣ್ಣೆಯೂ ಪೆಟ್ರೋಲಿನೊಡನೆಯೇ, ಲೀಟರಿಗೆ ಸುಮಾರು 30ರಿಂದ 40 ಮಿಲಿಲೀಟರಿನಂತೆ ಬೆರೆತು ಹೋಗುತ್ತದೆಯಾದ ಕಾರಣ, ಪೆಟ್ರೋಲು ಕ್ಷೀಣಿಸಿದರೆ ಪಿಸ್ಟನ್ನಿಗೆ ಜಿಡ್ಡೂ ಕ್ಷೀಣಿಸಿತೆಂದೇ ಅರ್ಥ. ಇಂತಹ ಗಾಡಿಯನ್ನು ಹಟದಿಂದ ವೇಗವಾಗಿ ಓಡಿಸಿದವನು ದಾರಿಯಲ್ಲಿ ನಿಲ್ಲುವುದಷ್ಟೇ ಅಲ್ಲ, ಪಿಸ್ಟನ್ನನ್ನು ಸಿಲಿಂಡರಿನಲ್ಲಿ ಜಾಮ್ ಮಾಡಿಕೊಂಡು ಬೋರು ಕೊರೆಸುವ ಖರ್ಚಿಗೂ ಗುರಿಯಾಗುತ್ತಿದ್ದನು.

ಈ ಸೀಮೆಗೆ ವಿಶೇಷವಾಗಿ ಸಲ್ಲುವ ದೋಷವೆಂದರೆ ಟ್ಯಾಂಕಿನ ಮುಚ್ಚಳದ್ದು. ಪೆಟ್ರೋಲು ಕೆಳಗಿಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದು ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ತುಳುಕಿ ಹೊರಸೂಸಿದ ಪೆಟ್ರೋಲು ಆವಿಯಾಗಿ ಹೋದ ಮೇಲೆ ಉಳಿಯುವ ಎಣ್ಣೆಯಂಶಕ್ಕೆ ಹೊಲದ ಧೂಳು ಹತ್ತಿ, ದಿನಗಳೆದಂತೆ ಗಟ್ಟಿಯಾಗಿ, ಆ ರಂಧ್ರವನ್ನು ಮುಚ್ಚಿಬಿಡುತ್ತದೆ. ಕೊಟ್ಟೂರಿನಿಂದ ಹೊರಟ ಗಾಡಿ ಕೆಲವು ಮೈಲಿ ಸೊಗಸಾಗಿ ಓಡಿ, ಕ್ರಮೇಣ ಎಳೆಯುವ ಶಕ್ತಿಯನ್ನು ಕಳೆದುಕೊಂಡು, ಬಯಲಿನಲ್ಲಿ ನಿಲ್ಲುತ್ತದೆ. ಸವಾರನು ಬೇವಿನ ನೆರಳಿನಲ್ಲಿ ಕುಳಿತು ಎದ್ದುಬರುವಷ್ಟರಲ್ಲಿ ಎಲ್ಲಿಂದಲೋ ನುಸುಳಿದ ಗಾಳಿಯಿಂದ ಟ್ಯಾಂಕಿನ ಬಿಗಿ ಸಡಿಲಿ, ಒಂದೇ ಕಿಕ್ಕಿಗೆ ಹತ್ತಿಕೊಳ್ಳುತ್ತದೆ. ಕಿಡಿ ಹೊತ್ತಿಸುವ ಕಾಯಿಲು ಕಾದು ಕೆಟ್ಟಿದೆಯೆಂದು ತಿಳಿದು ಅದನ್ನು ಬದಲಾಯಿಸಿದವರು ಎಷ್ಟೋ ಮಂದಿ, ಏಕೆಂದರೆ ಕಾದ ಕಾಯಿಲಿನ ಲಕ್ಷಣವೂ ಇದೇ. ಬಲ್ಲ ಮೆಕ್ಯಾನಿಕ್ಕನು ಮಾತ್ರ ಸ್ಪ್ಯಾನರ್ ಹಿಡಿಯುವ ಮೊದಲು, "ಯಜಮಾನ್ರೇ, ಮೊದ್ಲು ಟ್ಯಾಂಕಿನ ಮುಚ್ಚಳ ತೆಗೀರಿ, ಕಾರ್ಬೊರೇಟರ್ ಆಮ್ಯಾಲ ನೋಡಾಣ" ಎನ್ನುತ್ತಿದ್ದನು. ಮುಚ್ಚಳವನ್ನು ತಿರುವಿದೊಡನೆ 'ಸುಸ್ಸ್' ಎಂದು ಗಾಳಿ ಒಳಗೆ ನುಗ್ಗಿದ ಶಬ್ದ ಕೇಳಿಬಂದರೆ ರೋಗನಿರ್ಣಯ ಮುಗಿದಂತೆಯೇ.

ಶಬ್ದ ಬಾರದಿದ್ದರೆ ಪರೀಕ್ಷೆ ಮುಂದುವರಿಯುತ್ತಿತ್ತು. ಪೈಪನ್ನು ಕಾರ್ಬೊರೇಟರಿನಿಂದ ಕಳಚಿ, ಒಂದು ಗಾಜಿನ ಶೀಸೆಗೆ ಹಿಡಿದು, ಕಾಕ್ ತೆರೆದು ಸುಮ್ಮನೆ ನೋಡುವುದು: ಮೊದಲಿನಿಂದಲೇ ತೊಟಕುತೊಟಕಾಗಿ ಬಂದರೆ ಕಾಕಿನ ಜಾಳಿಗೆ ಕಸ ಹತ್ತಿದೆ, ರಿಸರ್ವಿಗೆ ತಿರುಗಿಸಿದಾಗ ಮಾತ್ರ ಧಾರೆ ಕಟ್ಟಿದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಕಡಿಮೆ, ನಿಂತ ಧಾರೆ ಪೈಪನ್ನು ಅಲುಗಿಸಿದಾಗ ಬಂದರೆ ಪೈಪು ಮಡಿಚಿದೆ ಇಲ್ಲವೇ ಗುಳ್ಳೆ ನಿಂತಿದೆ. ಒಣಭೂಮಿಯ ಬಾವಿಗಳ ಮೇಲೆ ಡೀಸೆಲ್ ಪಂಪ್‌ಸೆಟ್ಟಿನ "ಏರ್" ಬಿಡಿಸಿ ಪಳಗಿದ ಕೈಗಳಿಗೆ ಈ ತರ್ಕವು ಹೊಸದಾಗಿರಲಿಲ್ಲವೆಂದು ನನ್ನ ಎಣಿಕೆ.

ಧಾರೆ ದಪ್ಪವಾಗಿಯೇ ಇದ್ದರೆ ದೋಷ ಕಾರ್ಬೊರೇಟರಿನೊಳಗೆ. ಮೊದಮೊದಲಿನ ಗಾಡಿಗಳ ಜಿಕೊವ್ ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ಹಿತ್ತಾಳೆಯ ಫ್ಲೋಟು ಇರುತ್ತಿತ್ತು. ಅದನ್ನು ಕಿವಿಯ ಬಳಿ ಕುಲುಕಿದಾಗ ಒಳಗೆ ಪೆಟ್ರೋಲು ತುಳುಕಿದರೆ, ಬಿಸಿನೀರಿನಲ್ಲಿ ಅದ್ದಿ, ಗುಳ್ಳೆಯೇಳುವ ಜಾಗಕ್ಕೆ ಬೆಸುಗೆ ಹಾಕುತ್ತಿದ್ದರು. ಬೆಸುಗೆ ಒಂದು ಹನಿ ಹೆಚ್ಚಾದರೂ ಫ್ಲೋಟಿನ ಭಾರ ಹೆಚ್ಚಿ, ಪೆಟ್ರೋಲಿನ ಮಟ್ಟ ಮೇಲೇರಿ, ಓವರ್‌ಫ್ಲೋ ಆಗುವುದರಿಂದ, ಅರದಿಂದ ಉಜ್ಜಿ ಉಜ್ಜಿ ಅದನ್ನು ಸಮಕ್ಕೆ ತರುವುದರಲ್ಲಿ ಕುಶಲಿಯ ಕೈಚಳಕ ಕಾಣುತ್ತಿತ್ತು. ಪೆಟ್ರೋಲು ಹಾಯುವ ಸಣ್ಣ ರಂಧ್ರದ ಜೆಟ್ಟಿನ ವಿಷಯದಲ್ಲಿಯೂ ಹಾಗೆಯೇ: ಕ್ಲಚ್ ವೈರಿನ ಎಳೆಯಿಂದ ಅದನ್ನು ಚುಚ್ಚಿದವನು ರಂಧ್ರವನ್ನು ಶಾಶ್ವತವಾಗಿ ಹಿರಿದು ಮಾಡಿದನು, ಪೊರಕೆಯ ಕಡ್ಡಿಯಿಂದ ಬಿಡಿಸಿ ಬಾಯಿಂದ ಊದಿದವನೇ ಸರಿಯಾದ ಶಿಕ್ಷಣ ಪಡೆದವನು. ಇಂಗ್ಲಿಷ್ ಕೈಪಿಡಿಯನ್ನು ಓದದೆ, ಗುರುವಿನ ಪಕ್ಕದಲ್ಲಿ ಚಹಾ ತಂದುಕೊಡುತ್ತ ಕಲಿತ ಹುಡುಗರು ಈ ವಿವೇಕವನ್ನು ಪಡೆದಿದ್ದರೆಂಬುದು ಗೌರವಕ್ಕೆ ಅರ್ಹವಾದ ಸಂಗತಿ.

ಸವಾರರಿಗೂ ಅವರದೇ ಆದ ಅಲ್ಪಸ್ವಲ್ಪ ವಿದ್ಯೆಯಿತ್ತು. ಟ್ಯಾಂಕು ಚಾಸಿಯ ಕೊಳವೆಯ ಎರಡು ಮಗ್ಗುಲಿಗೂ ಜೀನಿನಂತೆ ಇಳಿಬಿದ್ದಿರುವುದರಿಂದ ಕಾಕ್ ಇಲ್ಲದ ಮಗ್ಗುಲಿನಲ್ಲಿ ಸ್ವಲ್ಪ ಪೆಟ್ರೋಲು ಸಿಕ್ಕಿಬೀಳುತ್ತದೆ. ರಿಸರ್ವೂ ಬರಿದಾದಾಗ ಗಾಡಿಯನ್ನು ಕಾಕಿನ ಕಡೆಗೆ ಮಲಗಿಸಿ ಎತ್ತಿದರೆ ಮುಂದಿನ ಊರು ಸೇರುವಷ್ಟು ದೊರೆಯುತ್ತಿತ್ತು.

2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ತರುವಾಯ ಬಹುತೇಕ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬೊರೇಟರಿಗೆ ಬದಲಾಗಿ ಇಂಜೆಕ್ಷನ್ ಬಂದಿದೆ. ಪಂಪು ಟ್ಯಾಂಕಿನೊಳಗೆ ಅಡಗಿದೆ. ಹಳೆಯ ಯೆಜ್ಡಿಗಳಿಗೆ ಈಗ ಎದುರಾಗಿರುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿನ ವಾಷರುಗಳನ್ನು ಉಬ್ಬಿಸುತ್ತದೆ, ಬಹುಕಾಲ ನಿಂತ ಟ್ಯಾಂಕಿನ ತಳದಲ್ಲಿ ತುಕ್ಕಿಗೆ ಎಡೆಮಾಡುತ್ತದೆ. ತಂದೆಯ ಗಾಡಿಯನ್ನು ಕೊಟ್ಟಿಗೆಯಿಂದ ಹೊರತೆಗೆದು ಓಡಿಸಬೇಕೆನ್ನುವ ಮಕ್ಕಳು ಈ ಊರುಗಳಲ್ಲಿಯೂ ಉಂಟು. ಅವರು ಮೊದಲು ಹಳೆಯ ಪೆಟ್ರೋಲನ್ನು ಪೂರ್ಣವಾಗಿ ಬಸಿಯಬೇಕು, ಟ್ಯಾಂಕಿನೊಳಗೆ ಸೈಕಲ್ ಚೈನಿನ ತುಂಡುಗಳನ್ನು ಹಾಕಿ ಕುಲುಕಿ ತುಕ್ಕನ್ನು ಉದುರಿಸಿ ತೊಳೆಯಬೇಕು, ಪೈಪನ್ನೂ ಕಾಕಿನ ವಾಷರನ್ನೂ ಹೊಸದಾಗಿ ಹಾಕಿಸಬೇಕು, ಮತ್ತು ಗಾಡಿಯನ್ನು ದಿನಗಟ್ಟಲೆ ನಿಲ್ಲಿಸುವಾಗಲೆಲ್ಲ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೂ ಇಂಜಿನ್ನನ್ನು ಓಡಲು ಬಿಡಬೇಕು.