ಕೀಲಿಮಣೆಗೆ ಬಂದ ಕನ್ನಡ

ಸಂಘದ ಸಂಸ್ಥಾಪನಾ ದಿನದ ಈ ಶುಭ ಸಂದರ್ಭದಲ್ಲಿ ನಾವು ಅನೇಕ ಹಿರಿಯರನ್ನು ನೆನೆಯುತ್ತೇವೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಕುಳಿತು ಆಮಂತ್ರಣ, ವರದಿ, ಸ್ಮರಣ ಸಂಚಿಕೆಗಳನ್ನು ಕನ್ನಡದಲ್ಲೇ ಸಿದ್ಧಪಡಿಸಲು ನೆರವಾದ ಇನ್ನೊಬ್ಬ ಹಿರಿಯರನ್ನೂ ಸ್ಮರಿಸುವುದು ನಮ್ಮ ಕರ್ತವ್ಯ. ಅವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ನಾಡೋಜ ಕೆ. ಪಿ. ರಾವ್.

ಇಂಗ್ಲಿಷಿಗೆ 26 ಅಕ್ಷರಗಳು ಸಾಕು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ಸಾವಿರಾರು. ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಬರೆಯುವವರು ಧ್ವನಿಗಳನ್ನು ಕ್ರಮವಾಗಿ ಒತ್ತಿದರೆ ಸಾಕು, ರೂಪ ಕೂಡಿಸುವುದು ಗಣಕಯಂತ್ರದ ಕೆಲಸ. ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಎಫ್ ಕೀಲಿ ಎರಡು ವ್ಯಂಜನಗಳ ಕೊಂಡಿ. ಡಿ ಕೀಲಿ ‘ದ’ಕಾರಕ್ಕೆ ಹೋದುದರಿಂದ ‘ಡ’ಕಾರಕ್ಕೆ ಡಬ್ಲ್ಯು. ಹೀಗೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ 5 ಒತ್ತುಗಳಲ್ಲಿ ‘ಕನ್ನಡ’ ಮೂಡುತ್ತದೆ.

ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ‘ಸೇಡಿಯಾಪು’ ತಂತ್ರಾಂಶವನ್ನು ರೂಪಿಸಿದರು. ತಮ್ಮ ಕೀಲಿಮಣೆಯನ್ನು ಸ್ವಂತ ಆಸ್ತಿ ಮಾಡಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನೇ ಅನುಸರಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದ ಮೇಲೆ ಪರದೇಶದ ಮನೆಗಳಲ್ಲೂ ಕನ್ನಡ ಬೆರಳಚ್ಚು ಸುಲಭವಾಯಿತು.

ಆದರೆ ಆ ಕಾಲದ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಟೂರಿಸ್ಟ್ ಕ್ಲಬ್ ಏರಿಯಾ ಈಗ ಅಧಿಕೃತವಾಗಿ ಅಲ್ ಜಾಹಿಯಾ. ಹಳೆಯ ಹೆಸರು ಹೇಳಿದರೂ ತೋರಿಸುವವರು ಇದ್ದಾರೆ. ಹಳೆಯ ಫಾಂಟಿನ ಕಡತಕ್ಕೆ ಆ ಭಾಗ್ಯವಿಲ್ಲ. 1991ರ ಯೂನಿಕೋಡ್ ಕನ್ನಡದ ಪ್ರತಿ ವರ್ಣಕ್ಕೂ ತನ್ನದೇ ಸಂಖ್ಯೆ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸೇರಿತು.

ಹಳೆಯ ಕಡತಗಳನ್ನು ಉಳಿಸಲು ದುಬಾರಿ ಸಾಧನ ಬೇಕಿಲ್ಲ, ನೋಟ್‌ಪ್ಯಾಡ್ ಸಾಕು. ಮೊದಲು ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಯೂನಿಕೋಡಿಗೆ ತರಬೇಕು. ಕಂಟ್ರೋಲ್ ಕೀಲಿ ಹಿಡಿದು ಎ ಒತ್ತಿದರೆ ಪೂರ್ತಿ ಆಯ್ಕೆ, ಸಿ ಒತ್ತಿದರೆ ನಕಲು. ನೋಟ್‌ಪ್ಯಾಡಿಗೆ ಬಂದು ವಿ ಒತ್ತಿದರೆ ಅಂಟಿಕೊಳ್ಳುತ್ತದೆ. ಕೈತಪ್ಪಿದರೆ ಝಡ್ ಹಿಂದಕ್ಕೆ ತರುತ್ತದೆ. 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ರೂಪಿಸಿದ ಕತ್ತರಿಸಿ ಅಂಟಿಸುವ ಕ್ರಮವೇ ಇದರ ಮೂಲ. ಕೊನೆಗೆ ಎಸ್ ಒತ್ತಿ ಉಳಿಸುವಾಗ ಯುಟಿಎಫ್-8 ಎಂದು ಆರಿಸಬೇಕು. 2019ಕ್ಕಿಂತ ಹಿಂದಿನ ನೋಟ್‌ಪ್ಯಾಡಿನಲ್ಲಿ ಇದು ತಾನಾಗಿ ಆಗುತ್ತಿರಲಿಲ್ಲ. ಎಚ್ಚರಿಕೆಯನ್ನು ಗಮನಿಸದೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು. ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಾನ ತಪ್ಪುವುದುಂಟು. ಆದ್ದರಿಂದ ಕರಡು ತಿದ್ದುವ ತನಕ ಮೂಲ ಕಡತವನ್ನು ಅಳಿಸಬಾರದು.

ಊರಿಗೆ ಮರಳಿದವರ, ನಮ್ಮನ್ನು ಅಗಲಿದವರ ಲೇಖನಗಳೂ ಹಳೆಯ ಸಂಚಿಕೆಗಳಲ್ಲಿವೆ. ಅವು ಮುಂದಿನ ಪೀಳಿಗೆಗೆ ಓದಲು ಸಿಗಬೇಕಾದರೆ ಈ ಕೆಲಸ ಈಗಲೇ ಆಗಬೇಕು. ಮನೆಯಲ್ಲಿ ಹಳೆಯ ಸಿಡಿ, ಫ್ಲಾಪಿಗಳನ್ನು ಕಾಪಾಡಿಕೊಂಡಿರುವ ಸದಸ್ಯರು ಕೈಜೋಡಿಸಬೇಕೆಂದು ನಮ್ಮ ವಿನಂತಿ.